ಕಂತೆ ಮತ್ತು ಬೊಂತೆ

ಪ್ರಾಚೀನ ಕಾವ್ಯ-ವಚನಗಳ ಪಾಠದಲ್ಲಿ ‘ಕಂತೆ’, ‘ಬೊಂತೆ’ ಎಂಬ ಮಾತುಗಳು ಬಂದಾಗ ‘ಹರಕುಬಟ್ಟೆ’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಈ ಅರ್ಥವು ಅಪೂರ್ಣವಾದುದು. ಹರಕುಬಟ್ಟೆಯೆಂಬುದು ತಾನಾಗಿ ಆಗುವಂಥದು. ಕಂತೆಯಾದರೋ ಕೈಯಿಂದ ಮಾಡಿದ ವಸ್ತು. ಒಂದೊಂದಾಗಿ ನಿಲ್ಲಲಾರದ ಅರಿವೆಗಳನ್ನು ಪದರುಪದರಾಗಿ ಹೊಂದಿಸಿ ಹೊಲಿದು, ಅವಕ್ಕಿಲ್ಲದ ಬಲವನ್ನು ಬರಿಸಿದುದು. ಈ ಭೇದವನ್ನು ಬಿಟ್ಟರೆ ವಿರಕ್ತರ ಉಡುಗೆಯ ವರ್ಣನೆಗಳಲ್ಲಿ ಅರ್ಧಾಂಶವು ಜಾರಿಹೋಗುತ್ತದೆ.

ಕಂತೆಯು ಸಂಸ್ಕೃತದ ‘ಕಂಥಾ’ ಶಬ್ದದ ತದ್ಭವ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ (2.4.20) ಕಂಥಾಶಬ್ದವು ಉಶೀನರದೇಶದ ಊರುಗಳ ಹೆಸರಿನ ಕೊನೆಯಲ್ಲಿ ಬರುವುದಾಗಿದ್ದು, ಅಲ್ಲಿ ಹೊದಿಕೆಯ ಪ್ರಸಕ್ತಿಯಿಲ್ಲ. ಭರ್ತೃಹರಿಯ ವೈರಾಗ್ಯಶತಕಕ್ಕೆ ಬರುವಾಗ ಅದು ಭಿಕ್ಷುವಿನ ಹೊದಿಕೆಯೆಂಬ ಅರ್ಥದಲ್ಲಿ ನೆಲೆಗೊಂಡಿರುತ್ತದೆ. ನಾಥಪಂಥದ ಯೋಗಿಗಳ ವೇಷದಲ್ಲಿಯೂ ಕಂಥೆಗೆ ಸ್ಥಾನವುಂಟು.

ಆದರೆ ತೆಳುವಾದ ಬಟ್ಟೆಯನ್ನು ಹೇಗೆ ಬಳಸಬೇಕೆಂಬ ವಿಧಿಯನ್ನು ಸ್ಪಷ್ಟವಾಗಿ ಹೇಳುವ ಗ್ರಂಥ ಬೌದ್ಧರದು. ಪಾಲಿಭಾಷೆಯ ವಿನಯಪಿಟಕದ ಮಹಾವಗ್ಗದಲ್ಲಿ ಚೀವರಗಳಿಗೆಂದೇ ಒಂದು ಖಂಧಕವಿದೆ. ಹೊಸ ಬಟ್ಟೆಯಾದರೆ ಸಂಘಾಟಿಯು ಎರಡು ಪದರು, ಉತ್ತರಾಸಂಗ ಮತ್ತು ಅಂತರವಾಸಕಗಳು ಒಂದೊಂದು ಪದರು. ಸವೆದ ಬಟ್ಟೆಯಾದರೆ ಸಂಘಾಟಿಯು ನಾಲ್ಕು ಪದರು, ಉಳಿದೆರಡು ಎರಡೆರಡು ಪದರು. ಕಸದ ರಾಶಿಯಿಂದ ಆಯ್ದ ಚಿಂದಿಗಳಾದರೆ ಬೇಕಾದಷ್ಟು. ತೇಪೆ ಹಾಕುವುದಕ್ಕೂ ಸವೆದ ಎಡೆಯನ್ನು ಗಟ್ಟಿಮಾಡುವುದಕ್ಕೂ ಅಲ್ಲಿಯೇ ಅನುಜ್ಞೆಯಿದೆ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಆ ಮಾದರಿಯಲ್ಲಿ ಚೀವರವನ್ನು ಹೊಲಿಯುವಂತೆ ಬುದ್ಧನು ಆನಂದನಿಗೆ ಸೂಚಿಸಿದ ಪ್ರಸಂಗವೂ ಆ ಖಂಧಕದ್ದೇ. ಪದರಿನ ಲೆಕ್ಕವನ್ನು ಬಟ್ಟೆಯ ಸವಕಳಿಗೆ ತಕ್ಕಂತೆ ಏರಿಸುವ ಈ ನಿಯಮವು ಕೇವಲ ವೈರಾಗ್ಯದಿಂದ ಹುಟ್ಟಿದುದಲ್ಲ. ಸೂಜಿ ಹಿಡಿದವರ ಅನುಭವದಿಂದ ಹುಟ್ಟಿದುದು.

ಕನ್ನಡದಲ್ಲಿ ಬೊಂತೆಯ ಹೆಸರನ್ನೇ ಹೊತ್ತ ಶರಣೆ 12ನೆಯ ಶತಮಾನದ ಬೊಂತಾದೇವಿ. ಕಾಶ್ಮೀರದ ರಾಜಕುಮಾರಿಯಾದ ನಿಜದೇವಿಯು ದಿಗಂಬರೆಯಾಗಿ ಹೊರಟಾಗ ಶಿವನು ಬೊಂತೆಯನ್ನು ಕರುಣಿಸಿದನೆಂದು ಸಂಪ್ರದಾಯದ ಕಥೆ. ಆಕೆಯ ವಚನಗಳ ಅಂಕಿತ ‘ಬಿಡಾಡಿ’. (ರಾಮನಗರ ತಾಲ್ಲೂಕಿನ ಬಿಡದಿಗೂ ಈ ಅಂಕಿತಕ್ಕೂ ಇರುವುದು ಧ್ವನಿಸಾದೃಶ್ಯ ಮಾತ್ರ. ಬಿಡದಿಯೆಂದರೆ ಇಳಿದುಕೊಳ್ಳುವ ಮನೆ. ಬಿಡಾಡಿಯೆಂದರೆ ಮನೆಯ ಕಟ್ಟಿಲ್ಲದೆ ತಿರುಗುವವರು. ಅರ್ಥವು ಹೆಚ್ಚುಕಡಿಮೆ ವಿರುದ್ಧವೇ ಆಗಿರುವುದು ವಿನೋದಕರವಾಗಿದೆ.) ದೈವವು ಕೊಟ್ಟದ್ದು ಪೀತಾಂಬರವಲ್ಲ, ಬೊಂತೆ ಎಂಬಲ್ಲಿ ಕಥೆಯ ಸ್ವಾರಸ್ಯವಿದೆ. ಅದನ್ನು ‘ಹರಕುಬಟ್ಟೆ’ ಎಂದು ವಿವರಿಸಿದರೆ ಕೊಡುಗೆಯು ಅವಮಾನವಾಗಿಬಿಡುತ್ತದೆ.

ಉತ್ತರ ಕರ್ನಾಟಕದಲ್ಲಿ ಈ ವಸ್ತುವಿಗೆ ಕೌದಿಯೆಂದು ಹೆಸರು. ಸೀರೆಯು ಎಲ್ಲೆಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ನಡುಭಾಗವು ಜಾಳಾದರೂ ಅಂಚು ಗಟ್ಟಿಯಾಗಿ ಉಳಿಯುತ್ತದೆ. ಆದುದರಿಂದ ಜಾಳು ಭಾಗವನ್ನು ಒಳಪದರಾಗಿಯೂ ಗಟ್ಟಿ ಭಾಗವನ್ನು ಮೇಲಕ್ಕೂ ಅಂಚಿಗೂ ಹಾಕುವುದು ಯುಕ್ತ. ಒತ್ತೊತ್ತಾಗಿ ಸಾಗುವ ಹೊಲಿಗೆಯ ಸಾಲುಗಳು ಎಳೆತವನ್ನು ಹಂಚಿಕೊಳ್ಳುವುದರಿಂದ ಯಾವ ಒಂದು ಪದರಿನ ಮೇಲೂ ಭಾರವು ಬೀಳದು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಯ ಸಿದ್ದಿ ಸ್ತ್ರೀಯರು ಒಂದು ಮೂಲೆಯಿಂದ ಆರಂಭಿಸಿ ಅಂಚಿನಗುಂಟ ಸುತ್ತುತ್ತ, ತುಂಡುಗಳನ್ನು ಜೋಡಿಸುತ್ತ, ನಡುವಿಗೆ ಬಂದು ಮುಗಿಸುವರು. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ವನ್ನಿಡದೆ ಅವರ ಕೌದಿಯು ಪೂರ್ಣವಾಗುವುದಿಲ್ಲ.

‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಈ ಕೆಲಸದ ಬೆಳಕಿನಲ್ಲಿ ಓದುವುದು ಉಚಿತ. ಅಯೋಗ್ಯನಿಗೆ ಅಯೋಗ್ಯನೇ ಜೊತೆಯೆಂಬ ತಿರಸ್ಕಾರದಲ್ಲಿ ಅದು ಈಗ ಬಳಕೆಯಾಗುತ್ತಿದೆ. ಆದರೆ ತಕ್ಕುದನ್ನು ತಕ್ಕುದಕ್ಕೆ ಸೇರಿಸುವುದು ಹೊಲಿಗೆಯ ಮೊದಲ ವಿಧಿ. ಸವೆದ ಬಟ್ಟೆಗೆ ಹೊಸ ದಪ್ಪಬಟ್ಟೆಯ ತೇಪೆ ಹಾಕಿದರೆ, ಒಗೆದಾಗ ಹೊಸತು ಕುಗ್ಗಿ ಹಳೆಯದನ್ನು ಹರಿಯುತ್ತದೆ. ಕ್ರೈಸ್ತರ ಮತ್ತಾಯನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿಯೂ ಇದೇ ದೃಷ್ಟಾಂತವು ಬಂದಿರುವುದನ್ನು ನೋಡಿದರೆ, ಈ ಅರಿವು ಒಂದು ದೇಶಕ್ಕೆ ಸೀಮಿತವಲ್ಲವೆಂಬುದು ತಿಳಿಯುತ್ತದೆ. ಗಾದೆಯ ತಿರಸ್ಕಾರವು ಅನಂತರ ಸೇರಿದುದೆಂದು ಊಹಿಸುವುದು ಅಸಂಗತವಾಗಲಾರದು.

ಎಳೆಯ ವೈಷಮ್ಯವು ಹತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. 2007ರಲ್ಲಿ ರಾಮನಗರ ಜಿಲ್ಲೆಯು ಏರ್ಪಟ್ಟಾಗ ಅದರಲ್ಲಿ ಸೇರಿದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳು ರೇಷ್ಮೆಯ ನಾಡು. ಮೈಸೂರು ಸಂಸ್ಥಾನದಲ್ಲಿ ಈ ಕೃಷಿಗೆ ಬುನಾದಿ ಹಾಕಿದವನು ಟಿಪ್ಪು ಸುಲ್ತಾನ (1782–1799). ಎರಡು ಹುಳುಗಳು ಸೇರಿ ಒಂದೇ ಗೂಡನ್ನು ಕಟ್ಟಿದರೆ ಎಳೆಗಳು ಹೆಣೆದುಕೊಂಡು, ಬಿಚ್ಚಾಣಿಕೆಯಲ್ಲಿ ನೂಲು ಗಂಟುಗಂಟಾಗಿ ಬರುತ್ತದೆ. ಚೀನಾದೇಶದಲ್ಲಿ ಇಂತಹ ಜೋಡಿಗೂಡುಗಳನ್ನು ಬೇಯಿಸಿ, ಬಿಲ್ಲಿನಂತಹ ಚೌಕಟ್ಟಿನ ಮೇಲೆ ಹಿಗ್ಗಿಸಿ, ಜೇಡರಬಲೆಯಷ್ಟು ತೆಳುವಾದ ಪದರುಗಳನ್ನು ಒಂದರ ಮೇಲೊಂದು ಹರಡಿ ರಜಾಯಿಗೆ ತುಂಬುವರು. ನಮ್ಮ ಕೌದಿಯ ನ್ಯಾಯವೇ ಅಲ್ಲಿಯೂ ನಡೆದಿದೆ. ಕನ್ನಡನಾಡಿನಲ್ಲಿ ಈ ಗೂಡಿನ ದಾರಿ ಬೇರೆ. ಅದರ ನೂಲು ಡುಪಿಯನ್ ಎಂಬ ಹೆಸರಿನಿಂದ ಮಗ್ಗಕ್ಕೆ ಹೋಗುತ್ತದೆ. ಹಾಸಿಗೆ ಸಮನಾದ ನಯವಾದ ನೂಲನ್ನು ಹಿಡಿದು, ಗಂಟುನೂಲನ್ನು ಹೊಕ್ಕಿಗೆ ಹಾಕುವರು; ಎಳೆತವೆಲ್ಲ ಹಾಸಿನದಾದುದರಿಂದ ಹೊಕ್ಕಿನ ದೋಷವು ಬಟ್ಟೆಯನ್ನು ಕೆಡಿಸುವುದಿಲ್ಲ. ಬಿಚ್ಚಲಾಗದೆ ಉಳಿದ ರೇಷ್ಮೆಯ ಕಸರನ್ನು ನೂಲುವುದಕ್ಕಾಗಿ 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಒಂದು ಗಿರಣಿಯೂ ಸ್ಥಾಪಿತವಾಯಿತು.