ಐದು ದಿನದ ಯುದ್ಧ ಮತ್ತು ನಮ್ಮ ಮೂರು ತಾಲೂಕುಗಳು

"ಪೊಲೀಸ್ ಆಕ್ಷನ್" ಅಂದ ಕೂಡಲೇ ನನ್ನ ಆಫೀಸಿನ ಗೆಳೆಯರ ಕಣ್ಣ ಮುಂದೆ ಬರೋದು ಲಾಠಿ ಮತ್ತು ಖಾಕಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದೊಳಕ್ಕೆ ಹೋದದ್ದು ಪೊಲೀಸರಲ್ಲ ಮಾರಾಯ್ರೆ, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಟ್ಯಾಂಕುಗಳು. ಮೇಲೆ ವಿಮಾನ, ಎದುರಿಗೆ ನಿಜಾಮನ ಸುಮಾರು 22,000 ಸೈನಿಕರು, ಅವರ ಜೊತೆಗೆ ಖಾಸಿಂ ರಜ್ವಿಯ ರಜಾಕಾರರು. ಇದನ್ನು ಯುದ್ಧ ಅಂದರೆ ಎರಡು ದೇಶಗಳ ಜಗಳ ಅಂತ ಒಪ್ಪಿಕೊಂಡ ಹಾಗಾಗುತ್ತದೆ, ವಿಷಯ ವಿಶ್ವಸಂಸ್ಥೆಗೆ ಹೋಗುತ್ತದೆ. ಅದಕ್ಕೇ ಈ ಸಾದಾ ಹೆಸರು. (ಹಾಗಿದ್ದರೂ ನಿಜಾಮರ ಕಡೆಯವರು ಭದ್ರತಾ ಮಂಡಳಿಯ ಬಾಗಿಲು ತಟ್ಟಿದ್ದರು, ಅದು ಬೇರೆ ಮಾತು.)

ಪುಸ್ತಕಗಳಲ್ಲಿ ಈ ಕತೆ ದೆಹಲಿ, ಹೈದರಾಬಾದು, ಸೊಲ್ಲಾಪುರದಲ್ಲೇ ನಡೆದು ಮುಗಿದುಹೋಗುತ್ತದೆ. ನಮ್ಮ ಕಡೆಯ ಆಳಂದ, ಅಫಜಲಪುರ, ಜೇವರ್ಗಿ ಎಲ್ಲೋ ಒಂದು ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೈಲಿಗಟ್ಟಲೆ ಕರಿ ಎರೆಭೂಮಿ, ಜೋಳ, ತೊಗರಿ, ದೂರದೂರಕ್ಕೊಂದು ಹಳ್ಳಿ. ಅಲ್ಲಿ ಏನು ನಡೆದೀತು ಅನ್ನಿಸಬಹುದು. ಒಂದ್ಸಲ ಮ್ಯಾಪ್ ತೆಗೆದು ನೋಡಿ. ಗುಲ್ಬರ್ಗ ಸೀಮೆಯ ಪಡುವಣ ಅಂಚಿನಲ್ಲೇ ಇವೆ ಈ ಮೂರು ತಾಲೂಕುಗಳು. ಆಳಂದದ ಪಕ್ಕ ಅಕ್ಕಲಕೋಟೆ. ಅಫಜಲಪುರಕ್ಕೆ ಭೀಮಾ ನದಿಯೇ ಗಡಿ, ಆಚೆ ದಡದಲ್ಲಿ ಇಂಡಿ, ಸಿಂದಗಿ. ಭೀಮೆಯ ದಕ್ಷಿಣಕ್ಕಿರುವ ಜೇವರ್ಗಿಗೆ ನದಿಯ ಅಡ್ಡಿಯೂ ಇಲ್ಲ, ಹೊಲ ದಾಟಿದರೆ ಸಿಂದಗಿ ಸೀಮೆ. 1947ರ ಆಗಸ್ಟ್ 15ರ ನಂತರ ಆ ಕಡೆ ಭಾರತ, ಈ ಕಡೆ ನಿಜಾಮ!

ನಮ್ಮ ಆಯಿ (ಅಜ್ಜಿಗೆ ನಾವು ಹಾಗೇ ಅನ್ನೋದು) ಆಗ ಏಳೆಂಟು ವರ್ಷದ ಹುಡುಗಿ, ಅಫಜಲಪುರ ತಾಲೂಕಿನ ಹೊಳೆದಂಡೆಯ ಹಳ್ಳಿಯವಳು. ಅವಳ ಭೂಗೋಳ ಬಲು ಸರಳ: "ಹೊಳಿ ಆ ಕಡಿ ಗಾಂಧಿ ರಾಜ್ಯ, ಈ ಕಡಿ ನಿಜಾಮನ ರಾಜ್ಯ. ಬ್ಯಾಸಗ್ಯಾಗ ನೀರೇ ಇರ್ತಿದ್ದಿಲ್ಲ, ದನ ಕರ ಹೊಡಕೊಂಡು ಹಂಗೇ ದಾಟತಿದ್ರು." ಮಳೆಗಾಲದಲ್ಲಿ ಅದೇ ಹೊಳೆ ತುಂಬಿ ಹರಿಯುತ್ತಿತ್ತು. ಯಾರು ಪಾರಾಗುತ್ತಾರೆ, ಯಾರು ಸಿಕ್ಕಿಬೀಳುತ್ತಾರೆ ಅನ್ನೋದರಲ್ಲಿ ಹೊಳೆಯ ನೀರಿನ ಪಾಲೂ ಇತ್ತು.

ಹೋರಾಟ ಶುರುವಾದದ್ದು ಬಂದೂಕಿನಿಂದಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು 'ಭಾರತಕ್ಕೆ ಸೇರಿ' ಚಳವಳಿ ಆರಂಭಿಸಿತು. ಮುಂದಾಳು ಸ್ವಾಮಿ ರಮಾನಂದ ತೀರ್ಥರು, ಹುಟ್ಟಿದ್ದು ಇದೇ ಗಡಿಯಾಚೆಯ ಸಿಂದಗಿಯಲ್ಲಿ. ಆಗಸ್ಟ್ 15ರಂದೇ ಅವರನ್ನು ಬಂಧಿಸಲಾಯಿತು. ಆಮೇಲೆ ಹಳ್ಳಿಗಳಲ್ಲಿ ಜನ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಈಚಲ ಮರ ಕಡಿದದ್ದು. ಶಿಂದಿ ಸುಂಕ ಸರ್ಕಾರದ ದೊಡ್ಡ ಆದಾಯ, ಮರವೇ ಇಲ್ಲದಿದ್ದರೆ ಸುಂಕ ಎಲ್ಲಿಂದ ಬರಬೇಕು? ಎರಡನೆಯ ಗುರಿ ಕರೋಡಗಿರಿ ನಾಕಾಗಳು. ನಿಜಾಮನ ಕಸ್ಟಮ್ಸ್ ಇಲಾಖೆಯ ಹೆಸರು ಕರೋಡಗಿರಿ. ಗಡಿಯ ದಾರಿಗಳಲ್ಲಿ ಅದರ ಕಟ್ಟೆಗಳು, ಮಾಲು ದಾಟಬೇಕಾದರೆ ಅಲ್ಲಿ ತೆರಿಗೆ. ಒಳನಾಡಿನ ತಾಲೂಕುಗಳಲ್ಲಿ ಈ ನಾಕಾಗಳು ಎಲ್ಲಿದ್ದವು? ಹಾಗಾಗಿ ಸರ್ಕಾರದ ಜೇಬಿಗೇ ಕೈಹಾಕುವ ಕೆಲಸ ಸಹಜವಾಗಿಯೇ ಗಡಿಯ ಹಳ್ಳಿಗಳ ಪಾಲಿಗೆ ಬಂತು.

ರಜಾಕಾರರ ಹಾವಳಿ ಹೆಚ್ಚಾದ ಹಾಗೆ ಗಡಿಯಾಚೆ ಶಿಬಿರಗಳು ಎದ್ದವು. ದಕ್ಷಿಣದಲ್ಲಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳು ನಿಮಗೆ ಗೊತ್ತಿರಬಹುದು. ನಮ್ಮ ಕಡೆಯವರಿಗೆ ದುಧನಿ, ವಾಗ್ದರಿ, ಸಿಂದಗಿ ಇದ್ದವು. ಹಗಲು ಭಾರತದ ನೆಲದಲ್ಲಿ ಊಟ, ಕವಾಯತು; ರಾತ್ರಿ ಗಡಿ ದಾಟಿ ನಾಕಾ ಮೇಲೆ, ಪೊಲೀಸ್ ಠಾಣೆ ಮೇಲೆ ದಾಳಿ. ಕೇಳೋದಕ್ಕೆ ರೋಮಾಂಚನ. ಆದರೆ ದಾಳಿ ಮಾಡಿದವರು ಬೆಳಗಾಗೋದರೊಳಗೆ ವಾಪಸ್ ಹೋಗಿರುತ್ತಿದ್ದರು, ಹಳ್ಳಿ ಮಾತ್ರ ಅಲ್ಲೇ ಇರುತ್ತಿತ್ತು. ಮರುದಿನ ಸೇಡು ತೀರಿಸಿಕೊಳ್ಳೋಕೆ ರಜಾಕಾರರು ಬಂದರೆ ಎದುರಿಗೆ ಸಿಗುತ್ತಿದ್ದವರು ಹೊಲಕ್ಕೆ ಹೊರಟ ಜನ.

ಇಷ್ಟಾದರೂ ಈ ಸೀಮೆ ದೇಶದ ಪತ್ರಿಕೆಗಳಿಗೆ ಬಂದದ್ದು ಒಂದು ರೈಲಿನಿಂದ. ಬಾಂಬೆ-ಮದ್ರಾಸ್ ರೈಲುಮಾರ್ಗ ಸೊಲ್ಲಾಪುರ, ಅಕ್ಕಲಕೋಟೆ ರೋಡ್, ದುಧನಿ ದಾಟಿದ ಮೇಲೆ ನಿಜಾಮನ ಸೀಮೆಗೆ ಬೀಳುತ್ತಿತ್ತು. ಬಾಂಬೆಯಿಂದ ಮದ್ರಾಸಿಗೆ ಹೊರಟ ಪ್ರಯಾಣಿಕ ಒಂದು ಭಾರತದಿಂದ ಇನ್ನೊಂದು ಭಾರತಕ್ಕೆ ನಿಜಾಮನ ರಾಜ್ಯದ ಮೂಲಕ ಹೋಗಬೇಕು! 1948ರ ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ರಜಾಕಾರರು ರೈಲಿನ ಮೇಲೆ ದಾಳಿ ಮಾಡಿದರು. ಪ್ರಯಾಣಿಕರು ಸತ್ತರು, ಗಾಯಗೊಂಡರು. ದತ್ತನ ಭಕ್ತರು ದೇವಲ ಗಾಣಗಾಪುರಕ್ಕೆ ಹೋಗಲು ಇಳಿಯುವ ಸ್ಟೇಷನ್ ಇದೇ. ಹಳ್ಳಿ ಸುಟ್ಟರೆ ಸುದ್ದಿ ತಾಲೂಕು ದಾಟುತ್ತಿರಲಿಲ್ಲ, ಮೇನ್ ಲೈನಿನ ರೈಲಿಗೆ ಕೈ ಹಾಕಿದಾಗ ದೆಹಲಿಯವರೆಗೂ ಗದ್ದಲವಾಯಿತು. ಸೈನ್ಯ ನುಗ್ಗೋದಕ್ಕೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಹೈದರಾಬಾದಿನ ಪ್ರಶ್ನೆ ಹೈದರಾಬಾದಿನವರದ್ದು ಮಾತ್ರ ಅಂದುಕೊಂಡು ಸುಮ್ಮನಿರೋದು ಆಮೇಲೆ ಕಷ್ಟವಾಯಿತು.

ಇನ್ನು ಆ ಐದು ದಿನಗಳ ಬಗ್ಗೆ ಹೆಚ್ಚು ಬರೆಯೋದೇನಿಲ್ಲ. ಸೆಪ್ಟೆಂಬರ್ 13ರ ನಸುಕಿನಲ್ಲಿ ಸೊಲ್ಲಾಪುರದಿಂದ ಹೊರಟ ಪಡೆ ನಳದುರ್ಗ ಹಿಡಿದು, ಉಮರ್ಗಾ ಮೇಲಿಂದ ಹೈದರಾಬಾದಿನತ್ತ ನಡೆಯಿತು. ಅಂದರೆ ಟ್ಯಾಂಕುಗಳು ಆಳಂದದ ಉತ್ತರ ಗಡಿಯ ಆಚೆಗೇ ಹಾದುಹೋದವು. 17ರ ಸಂಜೆ ನಿಜಾಮ ಕದನವಿರಾಮ ಸಾರಿದ, 18ರಂದು ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ. ನಮ್ಮಲ್ಲಿ ಆಚರಿಸುವ ವಿಮೋಚನಾ ದಿನ ಆ 17ರದು. 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅನ್ನೋ ಹೆಸರು.

ಧ್ವಜಾರೋಹಣದ ಭಾಷಣಗಳಲ್ಲಿ ಬಾರದ ಇನ್ನೊಂದು ಭಾಗವಿದೆ, ಅದನ್ನು ಬಿಟ್ಟು ಬರೆಯೋಕೆ ನನಗೆ ಮನಸ್ಸಿಲ್ಲ. ಸೈನ್ಯ ಬಂದ ಮೇಲೆ ಸೇಡಿನ ಸರದಿ ತಿರುಗಿತು. ರಜಾಕಾರರ ಲೆಕ್ಕವನ್ನು ಸಾಮಾನ್ಯ ಮುಸಲ್ಮಾನರಿಂದ ವಸೂಲು ಮಾಡಲಾಯಿತು. ಏನಾಯಿತೆಂದು ನೋಡಿಬರಲು ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ನವೆಂಬರ್-ಡಿಸೆಂಬರಿನಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳನ್ನು ಸುತ್ತಿತು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಇವುಗಳಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದಿತು. ಸೊಲ್ಲಾಪುರದ ಕಡೆಯಿಂದ ಬಂದ ಶಸ್ತ್ರಧಾರಿ ಗುಂಪುಗಳ ಪಾತ್ರವನ್ನೂ, ಕೆಲವೆಡೆ ಸೈನಿಕರ ಪಾತ್ರವನ್ನೂ ಬರೆಯಿತು. ರಜಾಕಾರರು ಮೊದಲು ಮಾಡಿದ್ದನ್ನೂ ಅದು ಮುಚ್ಚಿಡಲಿಲ್ಲ. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಹೋರಾಟಗಾರರು ಹೋಗಿ ಬಂದು ಮಾಡುತ್ತಿದ್ದ ಅದೇ ತೆರೆದ ಗಡಿ ಈ ಗುಂಪುಗಳಿಗೂ ದಾರಿಯಾಯಿತು.

ಆಯಿಗೆ ರಜಾಕಾರರ ಬಗ್ಗೆ ಕೇಳಿದರೆ ತಾಸುಗಟ್ಟಲೆ ಹೇಳ್ತಾಳೆ. ಅವರ ಮನೆಗೆ ಗಾದಿ ಹೊಲಿದುಕೊಡುತ್ತಿದ್ದ ಪಿಂಜಾರರ ಕುಟುಂಬ ಎಲ್ಲಿ ಹೋಯಿತು ಅಂತ ಕೇಳಿದರೆ, "ಹೋದ್ರು ಯಪ್ಪಾ, ಮತ್ತ ಬರಲಿಲ್ಲ" ಅಂತಾಳೆ ಅಷ್ಟೇ. ಎರಡು ಸಲ ಕೇಳಿದೆ, ಎರಡೂ ಸಲ ಅಷ್ಟೇ ಉತ್ತರ.

ಆ ಗಡಿಗೆ ಏನಾಯಿತು ಅಂದರೆ, ಅರ್ಧ ಅಳಿಸಿತು, ಅರ್ಧ ಉಳಿಯಿತು. 1956ರ ನವೆಂಬರ್ 1ರಂದು ಗುಲ್ಬರ್ಗವೂ ಬಿಜಾಪುರವೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿದವು. ಜೇವರ್ಗಿ-ಸಿಂದಗಿ ನಡುವಿನ ಗೆರೆ ಬರೀ ಜಿಲ್ಲೆಯ ಗೆರೆಯಾಯಿತು. ಆಳಂದದ ಗೆರೆ ಹಾಗಾಗಲಿಲ್ಲ. ಅಕ್ಕಲಕೋಟೆಯನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ನಿಜಾಮನ ರಾಜ್ಯದಿಂದ ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟ ದುಧನಿ ಇವತ್ತು ಮಹಾರಾಷ್ಟ್ರದಲ್ಲಿದೆ. ಅಲ್ಲಿನ ಪೇಟೆಯಲ್ಲಿ ನಿಂತು ಕನ್ನಡದಲ್ಲಿ ದಾರಿ ಕೇಳಿದರೆ ಕನ್ನಡದಲ್ಲೇ ಹೇಳ್ತಾರೆ.