ಮರವೈದ್ಯರ ಸಂಘಗಳು

ಮರಕ್ಕೂ ವೈದ್ಯನುಂಟೆಂದು ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಅಮೆರಿಕದಲ್ಲಿ ಈ ಕಸಬಿಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆಯೆಂದು ತಿಳಿದ ಮೇಲೆ ನಗು ಹೋಗಿ ಕುತೂಹಲ ಹುಟ್ಟಿತು. ಓದುತ್ತ ಹೋದಂತೆ ಒಂದು ಪ್ರಶ್ನೆ ಕಾಡತೊಡಗಿತು: ಈ ಕಸಬಿನವರು ಕಟ್ಟಿಕೊಂಡ ಸಂಘಗಳು, ಒಂದು ಲಾರಿಯನ್ನೂ ಇಬ್ಬರು ಮೂವರು ಆಳುಗಳನ್ನೂ ನೆಚ್ಚಿ ಬದುಕುವ ಸಣ್ಣ ಗುತ್ತಿಗೆದಾರನಿಗೆ ನಿಜವಾಗಿ ನೆರವಾದವೆ?

ಕಥೆ ಜಾನ್ ಡೇವಿ ಎಂಬಾತನಿಂದ ಮೊದಲಾಗುತ್ತದೆ. 1846ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈತ ಅಮೆರಿಕಕ್ಕೆ ವಲಸೆ ಹೋಗಿ ಒಹಾಯೊ ಸಂಸ್ಥಾನದ ಕೆಂಟ್ ಎಂಬ ಊರಿನಲ್ಲಿ ನೆಲಸಿದ. 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕವನ್ನು ಪ್ರಕಟಿಸಿದ. 1904ರಲ್ಲಿ ನ್ಯೂಯಾರ್ಕಿನಲ್ಲಿ ಚೆಸ್ಟ್‌ನಟ್ ಮರಗಳಿಗೆ ಮಾರಕ ರೋಗ ತಗಲಿದ್ದು ಗೊತ್ತಾಯಿತು. ಅದು ಹಬ್ಬಿದಂತೆಲ್ಲ ಜನರ ದಿಗಿಲೂ ಹಬ್ಬಿತು. ದಿಗಿಲಿನ ಕಾಲದಲ್ಲಿ ವೈದ್ಯರ ಜೊತೆಗೆ ವೈದ್ಯವೇಷದವರೂ ಹುಟ್ಟಿಕೊಳ್ಳುವುದು ಲೋಕರೂಢಿಯಷ್ಟೆ. 1919ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ಮರವೈದ್ಯರಿಗೆ ಪರೀಕ್ಷೆಯನ್ನೂ ಲೈಸೆನ್ಸನ್ನೂ ವಿಧಿಸಿತು. ಅಲ್ಲಿಯ ಪರೀಕ್ಷಾ ಮಂಡಳಿಯ ಕರೆಯ ಮೇಲೆ 1924ರಲ್ಲಿ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ವಿಜ್ಞಾನಿಗಳೂ ಕಸಬುದಾರರೂ ಒಂದೆಡೆ ಕುಳಿತರು. ಆ ‘ನೆರಳಿನ ಮರಗಳ ಸಮ್ಮೇಳನ’ವೇ ಬೆಳೆದು ಇಂದಿನ ಅಂತರರಾಷ್ಟ್ರೀಯ ವೃಕ್ಷಪಾಲನ ಸಂಘವಾಯಿತು. ಉದ್ಯಮದ ಹಿತಕ್ಕೆಂದು 1938ರಲ್ಲಿ ಬೇರೊಂದು ರಾಷ್ಟ್ರೀಯ ಸಂಘ ಹುಟ್ಟಿತು. 2003ರಿಂದ ಅದಕ್ಕೆ ‘ಟ್ರೀ ಕೇರ್ ಇಂಡಸ್ಟ್ರಿ ಅಸೋಸಿಯೇಷನ್’ ಎಂದು ಹೆಸರು.

ಇವು ಕೊಟ್ಟದ್ದೇನು? ಮೊದಲನೆಯದು ಅರಿವು. ಪೊಟರೆಗೆ ಸಿಮೆಂಟು ತುಂಬುವುದು, ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕೊಯ್ದು ಗಾಯಕ್ಕೆ ಬಣ್ಣ ಬಳಿಯುವುದು ಹಿಂದೆ ದೊಡ್ಡ ವಿದ್ಯೆಯೆನಿಸಿತ್ತು. ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ ಇದನ್ನು ತಲೆಕೆಳಗು ಮಾಡಿದ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರವು ಕೊಳೆತದ ಸುತ್ತ ಗೋಡೆಯೆಬ್ಬಿಸಿ ಅದನ್ನು ಅಲ್ಲಿಯೇ ತಡೆಹಿಡಿಯುತ್ತದೆ. ಕೊಂಬೆಯ ಬುಡದ ಉಬ್ಬನ್ನು ಕೊಯ್ದರೆ ಆ ಗೋಡೆಯನ್ನೇ ಕೆಡವಿದಂತೆ. ಈ ತಿಳಿವಳಿಕೆ ಸಂಘಗಳ ಸಭೆ, ಪತ್ರಿಕೆಗಳ ಮೂಲಕ ಹಳ್ಳಿಯ ಗರಗಸದವನವರೆಗೂ ಇಳಿಯಿತು; 1995ರಲ್ಲಿ ಹೊರಬಂದ ಸವರುವಿಕೆಯ ರಾಷ್ಟ್ರೀಯ ಮಾನದಂಡದಲ್ಲಿ ನಿಯಮವಾಯಿತು. ಸಂಘದ ಸದಸ್ಯನಲ್ಲದವನಿಗೂ ಇದರ ಫಲ ಉಂಟು.

ಎರಡನೆಯದು ಪ್ರಾಣರಕ್ಷಣೆ. ಮೇಲಿಂದ ಬೀಳುವುದು, ಕೊಂಬೆ ಬಡಿಯುವುದು, ವಿದ್ಯುತ್ತಿನ ತಂತಿ ತಗಲುವುದು ಈ ಕಸಬಿನ ನಿತ್ಯದ ಮೃತ್ಯುಗಳು. 1972ರಲ್ಲಿ ಇದಕ್ಕೆಂದೇ ಸುರಕ್ಷತಾ ನಿಯಮಾವಳಿ ಬಂತು. ಹಗ್ಗ ಹರಿಯುವಾಗ ಅದು ದೊಡ್ಡ ಕಂಪೆನಿಯ ಆಳೆ, ಸಣ್ಣವನ ಆಳೆ ಎಂದು ಕೇಳುವುದಿಲ್ಲ.

ಮೂರನೆಯದು ಅರ್ಹತಾಪತ್ರ. ತೊಡಕು ಇರುವುದು ಇಲ್ಲಿ. 1992ರಲ್ಲಿ ಇದು ವ್ಯಾಪಕವಾಗಿ ಜಾರಿಗೆ ಬಂತು. ಪರೀಕ್ಷೆ ತೇರ್ಗಡೆಯಾದರಷ್ಟೆ ಸಾಲದು. ಮೂರು ಮೂರು ವರ್ಷಕ್ಕೊಮ್ಮೆ ಮತ್ತಷ್ಟು ಕಲಿಕೆಯ ಲೆಕ್ಕ ಒಪ್ಪಿಸಬೇಕು. ದೊಡ್ಡ ಕಂಪೆನಿಗೆ ಕಚೇರಿಯುಂಟು, ಗುಮಾಸ್ತರುಂಟು, ಅದರದೇ ಪಾಠಶಾಲೆಯುಂಟು. ಸಣ್ಣವನು ಒಂದು ದಿನ ಪಾಠಕ್ಕೆ ಕುಳಿತರೆ ಆ ದಿನದ ಗಳಿಕೆಗೆ ಎಳ್ಳುನೀರು. ಶುಲ್ಕವನ್ನು ಇಬ್ಬರೂ ತೆರುತ್ತಾರೆ, ನಿಜ. ಆದರೆ ಅದರ ಭಾರ ಇಬ್ಬರಿಗೂ ಒಂದೇ ಅಲ್ಲ.

ಹಾಗೆಂದು ಅರ್ಹತಾಪತ್ರವೇ ಬೇಡವೆನ್ನಲು ನನಗೆ ಧೈರ್ಯವಿಲ್ಲ. ಆ ದೇಶದಲ್ಲಿ ಮರವೈದ್ಯನಿಗೆ ಲೈಸೆನ್ಸು ಬೇಕೆಂಬ ಕಾನೂನು ಕೆಲವು ಸಂಸ್ಥಾನಗಳಲ್ಲಿ ಮಾತ್ರ ಉಂಟು. ಉಳಿದೆಡೆ ವಿಮೆಯಿಲ್ಲದೆ, ತರಬೇತಿಯಿಲ್ಲದೆ ಅರ್ಧ ಬೆಲೆಗೆ ಮರದ ತಲೆ ತೆಗೆದು ಹೋಗುವವನನ್ನು ತಡೆಯುವವರಾರು? ಪ್ರಾಮಾಣಿಕನಾದ ಸಣ್ಣವನು ಮೇಲೆ ದೊಡ್ಡ ಕಂಪೆನಿ, ಕೆಳಗೆ ಈ ವೇಷಧಾರಿ, ಇವರಿಬ್ಬರ ನಡುವಿನ ಅಡಕೆ. ದೊಡ್ಡವನಿಗೆ ತನ್ನ ಹೆಸರೇ ಸಾಕು. ಹೆಸರಿಲ್ಲದವನಿಗಲ್ಲವೆ ಪತ್ರದ ಅಗತ್ಯ? 2006ರಲ್ಲಿ ಉದ್ಯಮ ಸಂಘವು ತಾನೇ ಮುಂದಾಗಿ, ತನ್ನ ಕಸಬಿಗೆ ಪ್ರತ್ಯೇಕ ಸುರಕ್ಷತಾ ಶಾಸನ ಬೇಕೆಂದು ಕೇಂದ್ರ ಸರಕಾರವನ್ನು ಕೇಳಿಕೊಂಡಿತು. ಅದರಲ್ಲಿ ವಿವೇಕವಿತ್ತು. ಆದರೆ ಶಾಸನ ಮೊದಲು ಕಟ್ಟುವುದು ವಿಳಾಸವುಳ್ಳವನನ್ನು. ವೇಷಧಾರಿ ಲಾರಿಯೇರಿ ಮುಂದಿನ ಊರಿಗೆ ಹೋಗಿರುತ್ತಾನೆ.

ಇದೆಲ್ಲವನ್ನೂ ತೂಗಿ ನೋಡಿದರೆ ನನಗೆ ತೋರುವುದಿಷ್ಟು: ಅರಿವನ್ನು ಹಂಚಿದಾಗ ಸಂಘಗಳು ಸಣ್ಣವನಿಗೆ ನೆರಳಾದವು, ಅರ್ಹತೆಯನ್ನು ಅಳೆಯಲು ನಿಂತಾಗ ಆ ನೆರಳು ಅರ್ಧವಾಯಿತು. 1924ರ ಸಭೆಯಲ್ಲಿ ವಿಜ್ಞಾನಿಯೂ ಕಸಬಿನವನೂ ಒಟ್ಟಿಗೆ ಕುಳಿತರಲ್ಲ, ಅಲ್ಲಿದೆ ಮೇಲ್ಪಂಕ್ತಿ. ಹಗ್ಗ ಕಟ್ಟಿಕೊಂಡು ಮರವೇರುವವನು ತನ್ನ ಒಂದು ದಿನದ ಕೂಲಿ ಕಳೆದುಕೊಳ್ಳದೆ ಪಾಠಕ್ಕೆ ಬಂದು ಕೂರಬಲ್ಲನೆ? ಸಂಘದ ಯೋಗ್ಯತೆಯನ್ನು ಅಳೆಯಲು ನನಗೆ ಈ ಒಂದು ಪ್ರಶ್ನೆ ಸಾಕು.