ಉಲ್ಕಾಕುಳಿಯ ಎಜೆಕ್ಟಾ

ಕ್ಷುದ್ರಗ್ರಹ ಅಪ್ಪಳಿಸಿದಾಗ ಆಘಾತ ತರಂಗದ ಹೊಡೆತಕ್ಕೆ ನೆಲದಿಂದ ಕಿತ್ತು ಹೊರಗೆ ಚಿಮ್ಮುವ ಕಲ್ಲು, ದೂಳು, ಕರಗಿದ ಶಿಲೆ. ಕುಳಿಯಂಚಿನಲ್ಲಿ ಇದರ ಹೊದಿಕೆ ದಪ್ಪ. ದೂರ ಹೋದಂತೆ ತೆಳು. ಆಳದ ಶಿಲೆ ಮೇಲೆ ಬಿದ್ದು, ಅಂಚಿನ ಪದರಗಳ ಕ್ರಮವೇ ತಲೆಕೆಳಗಾಗುವುದುಂಟು.

2023ರ ಆಗಸ್ಟ್‌ನಲ್ಲಿ ಚಂದ್ರಯಾನ-3 ಇಳಿದೆಡೆ ಪ್ರಜ್ಞಾನ್ ರೋವರ್ ಅಳೆದ ಮಣ್ಣಿನಲ್ಲಿ ಮೆಗ್ನೀಸಿಯಂ ನಿರೀಕ್ಷೆಗಿಂತ ಹೆಚ್ಚಿತ್ತು. ಸುಮಾರು 350 ಕಿ.ಮೀ. ದೂರದ ದಕ್ಷಿಣ ಧ್ರುವ-ಐಟ್ಕೆನ್ ಮಹಾಕುಳಿ ಅದನ್ನು ಆಳದಿಂದ ಎತ್ತಿ ಚೆಲ್ಲಿದೆ ಎಂಬುದು ವಿಜ್ಞಾನಿಗಳ ವಿವರಣೆ.

ನಮಗೆ ಹತ್ತಿರದ ನಿದರ್ಶನ ಮಹಾರಾಷ್ಟ್ರದ ಲೋಣಾರ್. ಬಾಗಲಕೋಟೆ ಜಿಲ್ಲೆಯ ಉತ್ತರಕ್ಕೂ ಹಬ್ಬಿರುವ ದಖ್ಖನ್ ಬಸಾಲ್ಟ್ ಶಿಲೆಯಲ್ಲೇ ಕೊರೆದ, ಸುಮಾರು 1.8 ಕಿ.ಮೀ. ಅಗಲದ ಕುಳಿಯಿದು. ಹೊರಗಿನ ಹೊಲಗಳಲ್ಲಿ ಒಡೆದ ಬಸಾಲ್ಟ್ ಬಂಡೆಗಳ ನಡುವೆ, ಕರಗಿ ಗಾಜಾದ ಪುಟ್ಟ ಕರಿ ಗುಂಡುಗಳು ಸಿಗುತ್ತವೆ. ಅಪರೂಪದ ಈ ಹೊದಿಕೆಯನ್ನು ಉಳಿಸಿಕೊಳ್ಳಲೇಬೇಕು.